ಜೀಪಿನಡಿ ಮಲಗಿ ನೋಡಿದಾಗ

ತಂಗಿಯ ಮಗ ಮೊಬೈಲಿಗೆ ಒಂದು ಫೋಟೋ ಕಳಿಸಿ, ಕೆಳಗೆ ‘ಮಾವ, ತಗಳಣಾ?’ ಎಂದು ಬರೆದಿದ್ದ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯ ಪಕ್ಕದ ಗ್ಯಾರೇಜೊಂದರ ಹಿತ್ತಲಲ್ಲಿ ನಿಂತ ಹಳೆಯ ಮಹೀಂದ್ರ ಜೀಪು. ಎಂಎಂ 540. ಹಸಿರು ಬಣ್ಣ ಅಲ್ಲಲ್ಲಿ ಮಾತ್ರ ಉಳಿದಿತ್ತು. ಮಡ್‌ಗಾರ್ಡಿನ ಅಂಚು, ಹತ್ತುವ ಜಾಗದ ಪಟ್ಟಿ, ಹಿಂದಿನ ಹಲಗೆ ಎಲ್ಲ ತುಕ್ಕು ಹಿಡಿದು ಕೆಂಪಗಾಗಿದ್ದವು. ಎರಡೂವರೆ ಲಕ್ಷ ಹೇಳುತ್ತಿದ್ದಾರೆ, ಕೂತು ಮಾತಾಡಿದರೆ ಇಳಿಯುತ್ತಾರೆ ಎಂದು ಹಿಂದೆಯೇ ಇನ್ನೊಂದು ಸಾಲು ಬಂತು. ಅಷ್ಟು ಹೊತ್ತಿಗೆ ನಾನು ಫೋಟೋ ದೊಡ್ಡದು ಮಾಡಿಕೊಂಡು ಸ್ಟೀರಿಂಗ್ ಹತ್ತಿರದ ಜಾಗವನ್ನೇ ನೋಡುತ್ತಿದ್ದೆ.

ಅವನ ಆಸೆ ಎಲ್ಲಿಂದ ಬಂತು ಎಂಬುದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಜೀಪಿನ ಮಾತು ಬಂದರೆ ಎಲ್ಲರೂ ತಂಗಿಯ ಕಡೆ ನೋಡುತ್ತಾರೆ. ಅವಳು ಹುಟ್ಟುವ ಹೊತ್ತಿಗೆ ಅಮ್ಮನ ಜೀವಕ್ಕೆ ಬಂದಿತ್ತು, ಊರಿನ ದೊಡ್ಡಮನೆಯ ಜೀಪು ರಾತ್ರೋರಾತ್ರಿ ಘಾಟಿ ಇಳಿದು ಮಣಿಪಾಲ ಮುಟ್ಟಿಸಿತು, ಇಬ್ಬರೂ ಉಳಿದರು. ‘ಒಡೆಯರು ಜೀಪು ಕೊಡದೇ ಇದ್ದಿದ್ದರೆ ನಿನ್ನಮ್ಮ ಇರುತ್ತಿರಲಿಲ್ಲ, ನೀನೂ ಇರುತ್ತಿರಲಿಲ್ಲ’ ಎನ್ನುವುದನ್ನು ಕೇಳುತ್ತಲೇ ಹುಡುಗ ಬೆಳೆದ. ಈಗ ಅವನಿಗೆ ಕೆಲಸವಿದೆ, ಕೈಯಲ್ಲಿ ಒಂದಿಷ್ಟು ದುಡ್ಡಿದೆ. ಅರ್ಧ ನಾನು ಹಾಕಿದರೆ ಅರ್ಧ ಅವನು ಹಾಕುತ್ತಾನಂತೆ. ಹೂಂ ಅನ್ನುವ ಮೊದಲು ಜೀಪಿನ ಜೊತೆಗೆ ಆ ಕತೆಯನ್ನೂ ಒಮ್ಮೆ ಬಿಚ್ಚಿ ನೋಡಬೇಕು ಅನ್ನಿಸಿತು. ಇಷ್ಟು ವರ್ಷ ಹೇಳಿ ಹೇಳಿ ಅದು ತೀರ ನುಣುಪಾಗಿತ್ತು.

ದೊಡ್ಡಮನೆಯದು ಪೆಟ್ರೋಲ್ ಜೀಪು, ಎತ್ತರದ ಬಾನೆಟ್ಟಿನದು. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದ್ದವು. ಯುದ್ಧ ಮುಗಿದ ಮೇಲೆ ಅದೇ ಗಾಡಿ ರೈತರ ಗಾಡಿಯಾಯಿತು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದ ಮಹೀಂದ್ರ ಕಂಪನಿ ಸ್ವಾತಂತ್ರ್ಯದ ಆಸುಪಾಸಿನಲ್ಲಿ ಅದನ್ನು ಇಲ್ಲಿ ಜೋಡಿಸತೊಡಗಿತು. ಹೊಸ ಎಂಜಿನ್ನಿನಲ್ಲಿ ವಾಲ್ವು ತಲೆಯ ಮೇಲೆ ಬಂದು ಎಂಜಿನ್ನೇ ಎತ್ತರವಾದ್ದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಆ ಮಾದರಿಯೇ ಸಿಜೆ-3ಬಿ. ಅಮೆರಿಕದಲ್ಲಿ 1953ಕ್ಕೆ ಬಂದು 1968ಕ್ಕೆ ನಿಂತಿತು. ನಮ್ಮಲ್ಲಿ ಮಾತ್ರ ಅದೇ ಮೋರೆಯ ಜೀಪು ಮುಂದೆ ಎಷ್ಟೋ ಕಾಲ ಓಡಿತು. ಫಾರೆಸ್ಟಿನವರು ಬಂದರೂ ಅದೇ, ಪೊಲೀಸರು ಬಂದರೂ ಅದೇ, ಮಂಗನ ಕಾಯಿಲೆ ಕಾಣಿಸಿಕೊಂಡಾಗ ಆರೋಗ್ಯ ಇಲಾಖೆಯವರು ಬರುತ್ತಿದ್ದದ್ದೂ ಅದರಲ್ಲೇ. ಗುಡ್ಡದಾಚೆ ಜೀಪಿನ ಸದ್ದು ಕೇಳಿದರೆ ಹೆಂಗಸರು ಕೆಲಸ ಬಿಟ್ಟು ಕಿವಿಗೊಡುತ್ತಿದ್ದರು. ಯಾರ ಜೀಪು ಎಂದು ತಿಳಿಯುವ ತನಕ ಯಾರಿಗೂ ಸಮಾಧಾನವಿರುತ್ತಿರಲಿಲ್ಲ.

ಡ್ರೈವರನ್ನು ನಾವು ಹುಡುಗರೆಲ್ಲ ಡ್ರೈವರಣ್ಣ ಅನ್ನುತ್ತಿದ್ದೆವು. ಘಟ್ಟದ ಕೆಳಗಿನಿಂದ ಬಂದವನು. ಶೆಡ್ಡಿನ ಅಟ್ಟದ ಮೇಲೆ ಅವನ ಹಾಸಿಗೆ. ಚಳಿಗೆ ಬ್ಯಾಟರಿ ಎಳೆಯದಿದ್ದಾಗ ಮುಂಬದಿಯ ತೂತಿಗೆ ಹ್ಯಾಂಡಲ್ ತೂರಿಸಿ ಹೊಡೆಯುತ್ತಿದ್ದ. ಆಗ ಹೆಬ್ಬೆರಳನ್ನು ಹ್ಯಾಂಡಲ್ಲಿಗೆ ಸುತ್ತದೆ ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೊಳ್ಳುತ್ತಿದ್ದ. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯಬಾರದಲ್ಲ. ಮೂರೇ ಗೇರು, ಒಂದನೆಯದಕ್ಕೆ ಹಾಕಬೇಕೆಂದರೆ ಗಾಡಿ ನಿಲ್ಲಬೇಕು, ಇಲ್ಲವೇ ಎರಡು ಸಲ ಕ್ಲಚ್ ಒತ್ತಿ ನಡುವೆ ಎಕ್ಸಲರೇಟರ್ ಕೊಟ್ಟು ಕೂರಿಸಬೇಕು. ಅವನು ಅದನ್ನು ಕಿವಿಯಲ್ಲೇ ಮಾಡುತ್ತಿದ್ದ. ನಾನು ಮುಂದೆ ಅವನಿಂದಲೇ ಕಲಿತೆ. ಇವತ್ತಿಗೂ ಯಾವ ಗಾಡಿ ಓಡಿಸಿದರೂ ಗೇರ್ ಹಾಕುವಾಗ ಸದ್ದು ಕೇಳುವ ಅಭ್ಯಾಸ ನನ್ನಿಂದ ಹೋಗಿಲ್ಲ.

ಮೇ ತಿಂಗಳಲ್ಲಿ ಅವನು ಮಾಡುತ್ತಿದ್ದ ಒಂದು ಕೆಲಸ ಈ ಬರಹಕ್ಕೆ ಮುಖ್ಯ. ಮಳೆ ಹಿಡಿಯುವ ಮುಂಚೆ, ಒಂದು ಬಿಸಿಲಿನ ದಿನ ನೋಡಿ, ಜೀಪನ್ನು ಧರೆಯ ಪಕ್ಕದ ಎತ್ತರಕ್ಕೆ ಹತ್ತಿಸಿ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ಗೋಣಿ ಹಾಸಿಕೊಂಡು ಅಡಿಗೆ ನುಸುಳುತ್ತಿದ್ದ. ಕಡ್ಡಿಯಿಂದ ಚಾಸಿಯ ಸಂದಿನ ಮಣ್ಣು ಕೆರೆದು, ನೀರು ಹೊಡೆದು, ಒಣಗಲು ಬಿಟ್ಟು, ಆಮೇಲೆ ಎಂಜಿನ್ನಿನಿಂದ ಇಳಿಸಿಟ್ಟ ಹಳೆಯ ಆಯಿಲ್ಲನ್ನು ಹಳೇ ಬಟ್ಟೆಯಲ್ಲಿ ಅದ್ದಿ ಮೂಲೆಮೂಲೆಗೂ ಬಳಿಯುತ್ತಿದ್ದ. ಚಾಸಿಯ ಒಳಗಿನ ಟೊಳ್ಳಿಗೆ ಪಿಚಕಾರಿಯಲ್ಲಿ ಬಿಡುತ್ತಿದ್ದ. ಸಂಜೆ ಹೊರಗೆ ಬಂದಾಗ ಕಣ್ಣು ಹಲ್ಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಅದರ ಮಗ್ಗುಲಿನ ನಮ್ಮೂರಲ್ಲಿ ಬಾವಿಯ ಕೊಕ್ಕೆ ಒಂದು ಮಳೆಗಾಲಕ್ಕೆ ಸವೆಯುತ್ತಿತ್ತು. ಅಂಥ ಕಡೆ ಆ ಜೀಪು ಅಷ್ಟು ವರ್ಷ ಗಟ್ಟಿಯಾಗಿ ನಿಂತದ್ದು ಆ ಒಂದು ದಿನದ ಮೈಕೆಲಸದಿಂದ.

ಇನ್ನು ಆ ರಾತ್ರಿಯ ಮಾತು. ಅದಕ್ಕೆ ಮೊದಲು ಒಂದು ಹಿನ್ನೆಲೆ ಹೇಳಬೇಕು, ನಮ್ಮ ಮನೆಯ ಕತೆಯಲ್ಲಿ ಅದು ಯಾವಾಗಲೂ ಬಿಟ್ಟುಹೋಗುತ್ತದೆ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಭೂಸುಧಾರಣೆ ಕಾಯಿದೆಯ ತಿದ್ದುಪಡಿ ಬಂತು. ಗೇಣಿದಾರರು ಏಳನೇ ನಂಬರಿನ ಫಾರಂ ತುಂಬಿ ಭೂ ನ್ಯಾಯಮಂಡಳಿಗೆ ಕೊಡಬಹುದಿತ್ತು. ನಮ್ಮ ಕಡೆ ಅದಕ್ಕೆ ಡಿಕ್ಲರೇಷನ್ ಹಾಕುವುದು ಎನ್ನುತ್ತಿದ್ದರು. ನಾವು ದೊಡ್ಡಮನೆಯ ಗೇಣಿದಾರರು. ಅಪ್ಪ ಬಹಳ ದಿನ ಹಿಂದೆಮುಂದೆ ನೋಡಿ ಕೊನೆಗೆ ಡಿಕ್ಲರೇಷನ್ ಹಾಕಿದ್ದರು. ಹಾಕಿದ ಮೇಲೆ ದೊಡ್ಡಮನೆಯ ಅಂಗಳಕ್ಕೆ ಹೋಗುವುದನ್ನು ಬಿಟ್ಟಿದ್ದರು. ಜೀಪು ದಾರಿಯಲ್ಲಿ ಎದುರಾದರೆ ಧರೆಗೆ ಒತ್ತಿ ನಿಲ್ಲುತ್ತಿದ್ದರು. ಅದರೊಳಗಿನವರೂ ಇವರ ಕಡೆ ನೋಡುತ್ತಿರಲಿಲ್ಲ.

1976ರ ಮಳೆಗಾಲ. ನನಗೆ ಹತ್ತು ವರ್ಷ. ಬೆಳಿಗ್ಗೆಯಿಂದ ಅಮ್ಮನಿಗೆ ನೋವು. ಕತ್ತಲಾದ ಮೇಲೆ ಸೂಲಗಿತ್ತಿ ಹೊರಗೆ ಬಂದು, ಮಗು ಅಡ್ಡ ತಿರುಗಿದೆ, ನನ್ನ ಕೈಲಿ ಆಗುವುದಿಲ್ಲ ಎಂದಳು. ಡಾಂಬರು ರಸ್ತೆಗೆ ಹೋಗಬೇಕಾದರೆ ಹಳ್ಳ ದಾಟಬೇಕು. ಮಳೆಗಾಲದಲ್ಲಿ ರೋಗಿಗಳನ್ನು ಕುರ್ಚಿಗೆ ಕಟ್ಟಿ, ಕುರ್ಚಿಯನ್ನು ಬೊಂಬಿಗೆ ಕಟ್ಟಿ, ನಾಲ್ಕು ಜನ ಹೊತ್ತು ಸಂಕದ ಮೇಲೆ ದಾಟಿಸುವುದು ವಾಡಿಕೆ. ಆ ವರ್ಷ ಸಂಕವೇ ಕೊಚ್ಚಿಹೋಗಿತ್ತು. ಅಪ್ಪ ಲಾಟೀನು ಹಿಡಿದು ಹೊರಟರು, ನಾನೂ ಹಿಂದೆ ಓಡಿದೆ. ದೊಡ್ಡಮನೆಯ ಅಂಗಳದಲ್ಲಿ ನಿಂತು ಅಪ್ಪ ಕೂಗಿದರು. ಒಡೆಯರು ಊರಲ್ಲಿರಲಿಲ್ಲ. ಅವರ ಹೆಂಡತಿ ಜಗಲಿಗೆ ಬಂದು ಕಂಬ ಹಿಡಿದು ನಿಂತರು. ಅಪ್ಪ ವಿಷಯ ಹೇಳಿದರು. ಆಕೆ ಏನೂ ಹೇಳಲಿಲ್ಲ. ಆಗಲಿ ಎನ್ನಲಿಲ್ಲ, ಆಗದು ಎನ್ನಲಿಲ್ಲ. ಸ್ವಲ್ಪ ಹೊತ್ತು ನಿಂತು ಒಳಗೆ ಹೋದರು. ಅಷ್ಟರಲ್ಲಿ ಶೆಡ್ಡಿನ ಕಡೆಯಿಂದ ಹ್ಯಾಂಡಲ್ ಹೊಡೆಯುವ ಸದ್ದು ಕೇಳಿತು.

ಹಳ್ಳದ ತನಕ ನಾನು ಇದ್ದೆ, ಆದ್ದರಿಂದ ಅಲ್ಲಿ ನಡೆದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಹಿಂದಿನ ಎರಡೂ ಚಕ್ರಕ್ಕೆ ಚೈನು ಕಟ್ಟಿಯಾಗಿತ್ತು. ಅಮ್ಮನನ್ನು ಹಿಂದಿನ ತಗಡಿನ ಮೇಲೆ ಹುಲ್ಲು, ಹುಲ್ಲಿನ ಮೇಲೆ ಕಂಬಳಿ ಹಾಸಿ ಮಲಗಿಸಿದ್ದರು. ಸೂಲಗಿತ್ತಿ ತಲೆ ಹಿಡಿದು ಕೂತಿದ್ದಳು. ಹಳ್ಳದ ಅಂಚಿನಲ್ಲಿ ಡ್ರೈವರಣ್ಣ ಜೀಪು ನಿಲ್ಲಿಸಿ, ಇಳಿದು, ಸೊಂಟದ ತನಕ ನೀರಿಗೆ ಹೋಗಿ ಕಾಲಲ್ಲೇ ಕಲ್ಲು ಹುಡುಕಿ ಬಂದ. ಬಾನೆಟ್ ಎತ್ತಿ ಡೈನಮೋದ ಬೋಲ್ಟು ಸಡಿಲಿಸಿ ಫ್ಯಾನ್ ಬೆಲ್ಟು ಕಳಚಿದ. ಫ್ಯಾನು ತಿರುಗಿದರೆ ನೀರನ್ನು ಡಿಸ್ಟ್ರಿಬ್ಯೂಟರಿಗೆ ಎರಚುತ್ತದೆ, ಎರಚಿದರೆ ಎಂಜಿನ್ ನಡುನೀರಿನಲ್ಲಿ ಸಾಯುತ್ತದೆ. ಮುಂದಿನ ಜಾಲರಿಗೆ ಗೋಣಿ ಕಟ್ಟಿದ. ಫೋರ್ ವೀಲ್ ಹಾಕಿ, ಸಣ್ಣ ಲಿವರನ್ನು ಲೋ ಗೇರಿಗೆ ತಂದು, ನಡುವೆ ಎಲ್ಲೂ ಕ್ಲಚ್ ಮುಟ್ಟದೆ, ಏರಿಳಿತವಿಲ್ಲದ ಒಂದೇ ಸದ್ದಿನಲ್ಲಿ ದಾಟಿಸಿದ. ನಾನು ಈಚೆ ದಡದಲ್ಲಿ ಲಾಟೀನು ಎತ್ತಿ ಹಿಡಿದಿದ್ದೆ. ಆಚೆ ದಡದಲ್ಲಿ ಮತ್ತೆ ಬಾನೆಟ್ ಎತ್ತಿದ್ದು, ಹೊಟ್ಟೆಯ ಮೇಲಿನ ಒಣ ಬಟ್ಟೆಯಿಂದ ಡಿಸ್ಟ್ರಿಬ್ಯೂಟರಿನ ಮುಚ್ಚಳ ಒರೆಸಿದ್ದು, ಬೆಲ್ಟು ಹಾಕಿದ್ದು ಎಲ್ಲಾ ಹೆಡ್‌ಲೈಟಿನ ಬೆಳಕಲ್ಲಿ ಕಂಡಿತು. ಆಮೇಲೆ ಕೆಂಪು ದೀಪ ತಿರುವಿನಲ್ಲಿ ಮರೆಯಾಯಿತು.

ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಅವರು ಹೇಗೆ ಇಳಿದರು ಎಂಬುದು ಅಪ್ಪನಿಂದ ಕೇಳಿದ್ದು. ವೈಪರ್ ನಿಂತುಹೋಗಿತ್ತಂತೆ. ಅದನ್ನು ಕೈಯಿಂದ ಆಡಿಸುವ ಕೆಲಸ ಅಪ್ಪನ ಪಾಲಿಗೆ ಬಂತು. ಸೋಮೇಶ್ವರ, ಹೆಬ್ರಿ ದಾಟಿ ಮಣಿಪಾಲ ಮುಟ್ಟುವ ತನಕ, 50 ಕಿಲೋಮೀಟರಿಗೂ ಹೆಚ್ಚು ದೂರ, ಅವರು ಕೈ ನಿಲ್ಲಿಸಲಿಲ್ಲ, ಹಿಂದಕ್ಕೆ ತಿರುಗಿಯೂ ನೋಡಲಿಲ್ಲ. ತಂಗಿ ಬೆಳಗಿನ ಜಾವ ಆಪರೇಷನ್ ಆಗಿ ಹುಟ್ಟಿದಳು.

ಇದಿಷ್ಟು ಕತೆ. ಒಡೆಯರು ಊರಿಗೆ ಮರಳಿದ ಮೇಲೆ ಅಪ್ಪ ಹೋಗಿ ಕೈಮುಗಿದರು. ಪೆಟ್ರೋಲಿನ ಲೆಕ್ಕ ಹೇಳಿಕಳಿಸಿದ್ದರು, ಅಪ್ಪ ಸುಗ್ಗಿಯಲ್ಲಿ ಅಡಿಕೆ ಹಾಕಿ ತೀರಿಸಿದರು. ಡಿಕ್ಲರೇಷನ್ನಿನ ಜಮೀನು ನಮಗೇ ಆಯಿತು. ಮನೆಯಲ್ಲಿ ಮಾತ್ರ ‘ಒಡೆಯರು ಜೀಪು ಕೊಟ್ಟರು’ ಎಂಬ ಮಾತೇ ನಿಂತಿತು. ಅವರ ಮೇಲೆ ಕೇಸು ನಡೆಸಿ ಜಮೀನು ಪಡೆದವರಿಗೆ ಆ ಮಾತು ಬೇಕಾಗಿತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಋಣ ಇಟ್ಟುಕೊಂಡರೆ ಮುಖ ನೋಡುವುದು ಸುಲಭ.

ಕಾಲ ಬದಲಾಯಿತು. ಎಂಬತ್ತರ ದಶಕದಲ್ಲಿ ಪೆಟ್ರೋಲ್ ದುಬಾರಿಯಾಗಿ ಎಲ್ಲರೂ ಡೀಸೆಲ್ಲಿಗೆ ತಿರುಗಿದರು. ಮಹೀಂದ್ರದವರು ಪಿಜೋ ಕಂಪನಿಯ ಡೀಸೆಲ್ ಎಂಜಿನ್ ಕೂರಿಸಿದ ಜೀಪು ತಂದರು. ತಂಗಿಯ ಮಗ ಕಳಿಸಿದ ಎಂಎಂ 540 ಅದೇ ಸಂತತಿಯದು: 2,112 ಸಿಸಿ, 62 ಕುದುರೆಶಕ್ತಿ. ಕೀಲಿ ತಿರುಗಿಸಿ ಹೀಟರ್ ಕಾಯುವ ತನಕ ಸುಮ್ಮನೆ ಕೂರಬೇಕು, ಆಮೇಲೆ ಸೆಲ್ಫ್ ಹೊಡೆಯಬೇಕು. ದೊಡ್ಡಮನೆಯ ಪೆಟ್ರೋಲ್ ಜೀಪು ಒಂದು ದಿನ ಗುಜರಿಗೆ ಹೋಯಿತು. ಡ್ರೈವರಣ್ಣ ಅದಕ್ಕೂ ಮುಂಚೆ ಬಿಟ್ಟುಹೋಗಿ, ಕೊಪ್ಪ–ಶೃಂಗೇರಿ ಕಡೆ ಬಾಡಿಗೆ ಜೀಪು ಓಡಿಸಿದ. 2000ದ ಡಿಸೆಂಬರಿನಲ್ಲಿ ಶುರುವಾದ ಗ್ರಾಮ ಸಡಕ್ ಯೋಜನೆಯ ಹಿಂದೆಮುಂದೆ ನಮ್ಮ ಹಳ್ಳಿಗಳಿಗೆ ಡಾಂಬರು ಬಂತು, ಹಳ್ಳಕ್ಕೆ ಸೇತುವೆ ಬಂತು. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆಂಬುಲೆನ್ಸ್ ಶುರುವಾಯಿತು. ಇವತ್ತು ನಮ್ಮೂರಲ್ಲಿ ಬಸುರಿಗೆ ನೋವು ಬಂದರೆ ಯಾರೂ ಯಾರ ಅಂಗಳದಲ್ಲೂ ನಿಂತು ಕೂಗಬೇಕಾಗಿಲ್ಲ. ಹಳೆಯ ಜೀಪಿನ ನೆನಪಿನಲ್ಲಿ ತೇಲುವವರು ಇದನ್ನು ಮರೆಯಬಾರದು. ನನಗೆ ಆ ಸೇತುವೆ ಯಾವ ಜೀಪಿಗಿಂತಲೂ ದೊಡ್ಡದು.

ಜೀಪು ಈಗ ಪ್ರವಾಸಿಗಳ ಗಾಡಿ. ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಜನರನ್ನು ಹತ್ತಿಸುವುದೇ ಎಷ್ಟೋ ಹುಡುಗರ ಹೊಟ್ಟೆಪಾಡು. ಅವರ ಕೈಚಳಕ ಕಂಡಾಗ ನನಗೆ ಖುಷಿಯಾಗುತ್ತದೆ. ದಾರಿ ಬಿಟ್ಟು ಹುಲ್ಲುಗಾವಲಿಗೆ ಚಕ್ರ ಇಳಿಸುವವರನ್ನು ಕಂಡಾಗ ಸಿಟ್ಟು ಬರುತ್ತದೆ, ಆ ಗುರುತು ಮುಂದಿನ ಮಳೆಗೆ ಕೊರಕಲಾಗುತ್ತದೆ. ಹುಡುಗನಿಗೆ ಇದನ್ನು ಮೊದಲೇ ಹೇಳಿದೆ: ತೆಗೆದುಕೊಂಡರೆ ಗೊಬ್ಬರ, ಸೊಪ್ಪು, ಅಡಿಕೆ ಹೇರುವುದಕ್ಕೆ. ಗುಡ್ಡ ಹತ್ತಿ ಫೋಟೋ ತೆಗೆಯುವುದಕ್ಕಲ್ಲ. ಒಪ್ಪಿದ.

ಇಬ್ಬರೂ ನೋಡಲು ಹೋದೆವು. ಮಳೆ ಬಿಟ್ಟು ಇನ್ನೂ ಬಹಳ ದಿನವಾಗಿರಲಿಲ್ಲ. ಗ್ಯಾರೇಜಿನ ಮೇಸ್ತ್ರಿ ಸೆಲ್ಫ್ ಹೊಡೆದು ತೋರಿಸಿದ. ಹತ್ತಿತು. ಮೊದಲು ಬಿಳಿ ಹೊಗೆ ಬಂದು ಬಿಸಿಯಾದ ಮೇಲೆ ನಿಂತಿತು. ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಹಿಡಿದೆ, ಬ್ಯಾಕ್ ಕಂಪ್ರೆಷನ್ ಹೆಚ್ಚೇನಿಲ್ಲ. ಸ್ಟೀರಿಂಗಿನಲ್ಲಿ ಆಟವಿತ್ತು, ಅದು ಸರಿಮಾಡುವ ಕೆಲಸ. ಲೋ ಗೇರ್ ಬಿತ್ತು, ಮುಂದಿನ ಚಕ್ರ ಎಳೆಯಿತು. ‘ಎಂಜಿನ್ ಬೆಣ್ಣೆ ಸಾರ್’ ಎಂದ ಮೇಸ್ತ್ರಿ. ನಿಜ, ಎಂಜಿನ್ ಚೆನ್ನಾಗಿತ್ತು. ಹುಡುಗನ ಮುಖ ಅರಳಿತು.

ಹಿಂದಿನ ರಬ್ಬರ್ ಮ್ಯಾಟ್ ಎತ್ತಿದೆ. ತಗಡು ಜಾಲರಿಯಾಗಿತ್ತು, ಕೆಳಗಿನ ಹುಲ್ಲು ಕಾಣುತ್ತಿತ್ತು. ಒಂದು ಬೋಲ್ಟಿನ ಬುಡದಲ್ಲಿ ಉಗುರಿನಲ್ಲಿ ಕೆರೆದರೆ ನೀಲಿ–ಹಸಿರು ಪುಡಿ ಬಂತು. ಯಾವ ತೋಟದ ಮನೆಯವನಿಗಾದರೂ ಆ ಬಣ್ಣ ಗೊತ್ತು, ಅದು ಮೈಲುತುತ್ತ. ಕೊಳೆರೋಗಕ್ಕೆ ನಮ್ಮ ಹಿರಿಯರು ಅಡಿಕೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಆ ರೋಗದ ಬಗ್ಗೆ ಬರೆದ ಮೇಲೆ ಬೋರ್ಡೋ ದ್ರಾವಣ ನಿಧಾನವಾಗಿ ತೋಟಗಳಿಗೆ ಬಂತು: 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಸುಣ್ಣ ಸಾಲದಿದ್ದರೆ ಗೊತ್ತಾಗಲೆಂದು ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ತಾಮ್ರ ಕೆಂಪಗೆ ಕೂತರೆ ಇನ್ನಷ್ಟು ಸುಣ್ಣ ಬೇಕು. ಅಂದರೆ ಮೈಲುತುತ್ತದ ನೀರು ಕಬ್ಬಿಣವನ್ನು ತಿಂದು, ಆ ಜಾಗದಲ್ಲಿ ತಾಮ್ರವನ್ನು ಬಿಟ್ಟುಹೋಗುತ್ತದೆ. ವರ್ಷವರ್ಷವೂ ಡ್ರಮ್ಮು ಹೊತ್ತ ಜೀಪಿನ ತಗಡು ಹೀಗಾಗದೆ ಇನ್ನೇನಾಗುತ್ತದೆ? ತೋಟದ ಕೆಲಸ ಮಾಡಿಯೇ ಅದು ಸವೆದಿತ್ತು. ಅದಕ್ಕೆ ನನಗೆ ಆ ಜೀಪಿನ ಮೇಲೆ ಗೌರವ ಹೆಚ್ಚಾಯಿತು. ತಗಡು ಹೋದರೆ ಹೊಸದು ಹಾಕಿಸಬಹುದು. ಟಿಂಕರಿಂಗ್ ಬಲ್ಲವರು ನಮ್ಮ ಕಡೆ ಇನ್ನೂ ಇದ್ದಾರೆ.

ಮೇಸ್ತ್ರಿಯ ಹತ್ತಿರ ಒಂದು ಸಣ್ಣ ಸುತ್ತಿಗೆ ಇಸಿದುಕೊಂಡು ಅಡಿಗೆ ನುಸುಳಿದೆ. ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು, ವಾಸನೆಯೂ ಆರಿರಲಿಲ್ಲ. ಬೇರೆ ಎಲ್ಲಿಯೂ ಬಣ್ಣದ ಕೈ ಆಡದ ಗಾಡಿಯ ಅಡಿಗೆ ಮಾತ್ರ ಹೊಸ ಬಣ್ಣ ಕಂಡರೆ ಅನುಮಾನ ಪಡಬೇಕು. ಮುಂದಿನಿಂದ ಬಡಿಯುತ್ತಾ ಬಂದೆ. ಎಂಜಿನ್ ಕೂತ ಕಡೆ ಠಣ್ ಎಂದಿತು. ಅಲ್ಲಿ ಸೋರಿದ ಆಯಿಲ್ಲೇ ಅದನ್ನು ಕಾದಿತ್ತು. ಗೇರ್ ಬಾಕ್ಸ್ ದಾಟಿದ ಮೇಲೆ ಸದ್ದು ಮಂಕಾಯಿತು. ಹಿಂದಿನ ಸ್ಪ್ರಿಂಗ್ ಪ್ಲೇಟಿನ ಶಾಕಲ್ ಕೂರುವ ಬ್ರಾಕೆಟ್ಟಿನ ಹತ್ತಿರ ಬಡಿದಾಗ ಸುತ್ತಿಗೆಯ ಮೂತಿ ಒಳಗೇ ಹೋಯಿತು. ಎಳೆದಾಗ ಪದರ ಪದರವಾಗಿ ತುಕ್ಕು, ಅದರ ಹಿಂದೆ ಒದ್ದೆ ಮಣ್ಣು ಎದೆಯ ಮೇಲೆ ಸುರಿಯಿತು. ಪೆಟ್ಟಿಗೆಯಂತೆ ಮುಚ್ಚಿದ ಚಾಸಿಯೊಳಗೆ ಕೆಸರು ಕೂತು, ನೀರು ಹಿಡಿದು, ಒಳಗಿನಿಂದ ಹೊರಕ್ಕೆ ಕೊಳೆತಿತ್ತು. ಹೊರಗಿನಿಂದ ಯಾರೋ ಪಟ್ಟಿ ಇಟ್ಟು ವೆಲ್ಡಿಂಗ್ ಮಾಡಿದ್ದರು, ಆ ಪಟ್ಟಿಯೂ ಕೊಳೆತಿತ್ತು. ಇನ್ನೊಂದು ಬದಿಯಲ್ಲೂ ಹಾಗೆಯೇ. ಬಹಳ ವರ್ಷ ಆ ಜೀಪಿನ ಅಡಿಗೆ ಯಾರೂ ಗೋಣಿ ಹಾಸಿ ಮಲಗಿರಲಿಲ್ಲ.

ಆರ್‌ಸಿ ಪುಸ್ತಕ ನೋಡಿದೆವು. ನೋಂದಣಿಯ ಅವಧಿ ಮುಗಿದಿತ್ತು. 20 ವರ್ಷ ದಾಟಿದ ಕಾರು, ಜೀಪುಗಳ ನೋಂದಣಿ ನವೀಕರಣದ ಶುಲ್ಕವನ್ನು ಕೇಂದ್ರ ಸರ್ಕಾರ 2025ರಲ್ಲಿ 10,000 ರೂಪಾಯಿಗೆ ಏರಿಸಿದೆ. ದುಡ್ಡು ಕೊಡಬಹುದು, ಆದರೆ ಅದಕ್ಕೆ ಮೊದಲು ಗಾಡಿ ಎಫ್‌ಸಿಯಲ್ಲಿ ಪಾಸಾಗಬೇಕು. ಈ ಚಾಸಿಯಲ್ಲಿ ಪಾಸಾಗುವುದಿಲ್ಲ, ಆಗಲೂಬಾರದು. ಬೇರೆ ಚಾಸಿ ತಂದು ಹಾಕಿದರೆ ಅದರ ಮೇಲೆ ಕೊರೆದ ನಂಬರೇ ಬೇರೆ. ಕಾನೂನಿನ ಲೆಕ್ಕದಲ್ಲಿ ಅದು ಈ ಜೀಪೇ ಅಲ್ಲ.

ಹುಡುಗ ಆಸೆ ಬಿಡಲಿಲ್ಲ. ಗಟ್ಟಿ ಪಟ್ಟಿ ಹಾಕಿ ವೆಲ್ಡ್ ಮಾಡಿಸಿದರೆ ಆಗದಾ ಎಂದ. ಡ್ರೈವರಣ್ಣನನ್ನೇ ಕೇಳೋಣ ಎಂದೆ. ಅವನು ಬದುಕಿದ್ದಾನೆ ಎಂಬುದೇ ಹುಡುಗನಿಗೆ ಗೊತ್ತಿರಲಿಲ್ಲ. ಹೆಬ್ರಿ ಕಡೆ ಮಗಳ ಮನೆಯಲ್ಲಿದ್ದಾನೆ, ವಯಸ್ಸು ಎಂಬತ್ತರ ಆಸುಪಾಸು. ಜೀಪಿನ ಕುಲುಕಾಟಕ್ಕೆ ಸೊಂಟ ಹೋಗಿ ಬಹಳ ಕಾಲವಾಯಿತು, ಗೋಡೆ ಹಿಡಿದೇ ಏಳುತ್ತಾನೆ. ಪಿಂಚಣಿ, ಪಿ.ಎಫ್. ಎಂದು ಅವನಿಗೆ ಯಾರೂ ಏನೂ ಇಟ್ಟಿರಲಿಲ್ಲ.

ಹುಡುಗನನ್ನು ಪರಿಚಯ ಮಾಡಿಸಿ, ಆವತ್ತು ಹುಟ್ಟಿದವಳ ಮಗ ಇವನು ಎಂದೆ. ಅವನು ಹುಡುಗನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದ. ಹುಡುಗ ಮಾತಿಗೆ, ‘ಒಡೆಯರು ಜೀಪು ಕೊಟ್ಟಿದ್ದು ದೊಡ್ಡ ಉಪಕಾರ ಅಲ್ವಾ ಅಜ್ಜ’ ಎಂದ.

‘ಕೊಟ್ಟದ್ದು ಎಲ್ಲಿ ಮಾರಾಯ? ಅವರು ಊರಲ್ಲೇ ಇರಲಿಲ್ಲ. ನಾನು ತೆಗೆದದ್ದು. ಕೇಳದೆ ತೆಗೆದೆ ಅಂತ ಆ ತಿಂಗಳ ಸಂಬಳ ಹಿಡಿದರು’ ಎಂದ. ದೂರಿನ ದನಿಯೇನೂ ಇರಲಿಲ್ಲ, ಊಟದ ವಿಷಯ ಹೇಳಿದ ಹಾಗೆ ಹೇಳಿದ. ಮುಂದುವರಿದು, ‘ಆದರೆ ಒಡೆಯರು ಪಾಪ, ಮರುವರ್ಷ ಅವರೇ ಹೇಳಿದರು, ಆಸ್ಪತ್ರೆಗೆ ಅಂತ ಯಾರು ಬಂದರೂ ನನ್ನ ಕೇಳುತ್ತಾ ಕೂರಬೇಡ, ಹೋಗು ಅಂತ. ಆಮೇಲೆ ಎಷ್ಟೋ ಜನರನ್ನು ಇಳಿಸಿದ್ದೇನೆ’ ಎಂದ.

ನಾನು ಆ ಅಂಗಳದಲ್ಲಿ ನಿಂತಿದ್ದವನು. ಹ್ಯಾಂಡಲ್ಲಿನ ಸದ್ದು ಯಾರ ಅಪ್ಪಣೆಗೂ ಮುಂಚೆಯೇ ಕೇಳಿತ್ತು ಎಂಬುದು ನನ್ನ ಕಿವಿಗೆ ಗೊತ್ತಿತ್ತು. ಸಂಬಳದ ವಿಷಯ ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ, ಕೇಳೋಣವೆಂದರೆ ಅವರಿಲ್ಲ. ಪೆಟ್ರೋಲಿನ ದುಡ್ಡು ನಮ್ಮಿಂದ ಹೋಯಿತು, ಸಂಬಳ ಅವನಿಂದ ಹೋಯಿತು, ಹೆಸರು ಮಾತ್ರ ದೊಡ್ಡಮನೆಗೆ ಬಂತು. ಒಡೆಯರು ಕೆಟ್ಟವರಾಗಿರಲಿಲ್ಲ. ಮರುವರ್ಷ ಅವರು ಆಡಿದ ಮಾತಿಗೆ ಬೆಲೆಯಿದೆ, ಅದರಿಂದ ಜೀವಗಳು ಉಳಿದಿವೆ. ಆದರೆ ನನ್ನ ತಂಗಿ ಹುಟ್ಟಿದ ರಾತ್ರಿ ಕೊಟ್ಟವರು ಅವರಲ್ಲ. ಇನ್ನು ಮುಂದೆ ನಮ್ಮ ಮನೆಯಲ್ಲಿ ಈ ಕತೆ ಹೇಳುವಾಗ ಡ್ರೈವರಣ್ಣ ಜೀಪು ತೆಗೆದ ಎಂದೇ ಹೇಳಬೇಕು ಎಂದು ತಂಗಿಗೆ ಫೋನ್ ಮಾಡಿ ಹೇಳಿದೆ. ಅವಳು ಬಹಳ ಹೊತ್ತು ಅತ್ತಳು. ಮರುವಾರ ತಾನೇ ಹೋಗಿ ಅವನನ್ನು ಕಂಡು ಬಂದಳು. ಅವನ ಔಷಧಿಯ ಖರ್ಚು ಈಗ ನಾವಿಬ್ಬರೂ ನೋಡಿಕೊಳ್ಳುತ್ತೇವೆ. ಮಗಳು ಮೊದಲು ಬೇಡವೆಂದಳು, ಆಮೇಲೆ ಒಪ್ಪಿದಳು.

ಜೀಪಿನ ವಿಷಯಕ್ಕೆ ಅವನ ತೀರ್ಮಾನ ಒಂದೇ ನಿಮಿಷದ್ದು. ನಾನು ಫೋಟೋ ತೋರಿಸಿದೆ, ನೋಡಲಿಲ್ಲ. ‘ಅಡಿ ಹೇಗುಂಟು ಹೇಳು’ ಎಂದ. ಶಾಕಲ್ ಬ್ರಾಕೆಟ್ಟಿನ ಹತ್ತಿರ ಸುತ್ತಿಗೆ ಒಳಗೆ ಹೋಯಿತು ಎಂದೆ. ‘ಹಾಗಾದರೆ ಬೇಡ. ಘಾಟಿ ಇಳಿಯುವಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹತ್ತುವಾಗ ಹಿಂದಕ್ಕೆ ಹೋಗುತ್ತದೆ. ಬ್ರಾಕೆಟ್ಟು ಕಿತ್ತರೆ ಹಿಂದಿನ ಆಕ್ಸಲ್ ಅಡ್ಡ ತಿರುಗುತ್ತದೆ. ಆಗ ಬ್ರೇಕ್ ಹಿಡಿದರೂ ಗಾಡಿ ನಿನ್ನ ಮಾತು ಕೇಳುವುದಿಲ್ಲ. ಹಳೇ ವೆಲ್ಡಿಂಗಿನ ಮೇಲೆ ಹೊಸ ವೆಲ್ಡಿಂಗ್ ನಿಲ್ಲುವುದಕ್ಕೆ ಕೆಳಗೆ ಕಬ್ಬಿಣ ಬೇಕಲ್ಲ?’ ಎಂದ. ಹುಡುಗ ಮತ್ತೆ ಕೇಳಲಿಲ್ಲ.

ನಾವು ಆ ಜೀಪು ಕೊಳ್ಳಲಿಲ್ಲ. ಜೀಪು ಬೇಡ ಎಂದೇನೂ ಅಲ್ಲ. ಗಟ್ಟಿ ಚಾಸಿಯದು ಸಿಕ್ಕರೆ ಮುಂದಿನ ಮಳೆಗಾಲದ ಒಳಗೆ ತೆಗೆದುಕೊಳ್ಳುತ್ತೇವೆ, ಇನ್ನೂ ಹುಡುಕುತ್ತಿದ್ದೇವೆ. ನಮ್ಮ ಹಾಗೆ ಹುಡುಕುತ್ತಿರುವವರು ನಮ್ಮ ಕಡೆ ಬಹಳ ಮಂದಿ ಇರುವುದರಿಂದ ಒಂದು ಮಾತು ಹೇಳುತ್ತೇನೆ. ನೋಡುವುದಕ್ಕೆ ಹೋಗುವಾಗ ಒಂದು ಸುತ್ತಿಗೆ, ಒಂದು ಗೋಣಿ ಒಯ್ಯಿರಿ. ತಗಡು ತೂತಾಗಿದ್ದರೆ ಹೆದರಬೇಡಿ, ಬೆಲೆ ಇಳಿಸಿ ಕೇಳಿ. ಎಂಜಿನ್ ಹೊಗೆ ಬಿಟ್ಟರೂ ರಿಪೇರಿ ಉಂಟು. ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದು ಬಾನೆಟ್ಟಿನಡಿ ಡೀಸೆಲ್ ಕೂತಿದ್ದರೆ, ಆ ಬದಲಾವಣೆ ಆರ್‌ಸಿಗೆ ಏರಿದೆಯೇ ನೋಡಿ. ಏರಿಲ್ಲದಿದ್ದರೆ ಮುಂಗಡ ಕೊಡಬೇಡಿ. ಚಾಸಿಯ ನಂಬರು ಕಣ್ಣಾರೆ ಓದಿ. ಸುತ್ತಿಗೆ ಬಿದ್ದ ಕಡೆ ಚಾಸಿ ಠಣ್ ಎನ್ನದಿದ್ದರೆ, ಮಾಲೀಕರು ಎಷ್ಟೇ ಇಳಿಸಲಿ, ಎಂಜಿನ್ ಎಷ್ಟೇ ಚೆನ್ನಾಗಿರಲಿ, ಆ ಜೀಪು ಬಿಟ್ಟು ಬನ್ನಿ.